ಆಪಾನ ಜಾಲಿಗೆ ಒಂದು ಮಷೀನು

ನರಗುಂದದ ಬಸ್ಸು ರೋಣದಿಂದ ಏಳೂವರೆಗೆ ಹೊರಡಬೇಕಿತ್ತು, ಹೊರಟಿದ್ದು ಎಂಟೂ ಹತ್ತಕ್ಕೆ. ಡ್ರೈವರ್ ಸಾಹೇಬರು ಚಹಾ ಕುಡಿಯುತ್ತಿದ್ದರು, ಕಂಡಕ್ಟರ್ ಅವರನ್ನು ಹುಡುಕುತ್ತಿದ್ದ. ೨೦೦೮ರ ಡಿಸೆಂಬರ್, ಥಂಡಿ ಚೆನ್ನಾಗಿಯೇ ಇತ್ತು. ಕಿಟಕಿಯ ಗಾಜು ಮುಚ್ಚುವುದಿಲ್ಲವೆಂದು ನಾನು ಎರಡು ಸಲ ಬೈದೆ. ಪಕ್ಕದಲ್ಲಿ ಕುಳಿತ ಮಹಬೂಬಿ ಆಪಾ ಸೆರಗಿನಿಂದ ಕಿವಿ ಮುಚ್ಚಿಕೊಂಡಳು.

ಆಪಾ ಎಂದರೆ ಅಕ್ಕ, ಆದರೆ ಅವಳು ನನ್ನ ಒಡಹುಟ್ಟಿದವಳಲ್ಲ. ಇಪ್ಪತ್ತೆರಡು ವರ್ಷದಿಂದ ನಾವಿಬ್ಬರೂ ಸೇರಿ ರೋಣದ ಪ್ಯಾಟಿಯಲ್ಲಿ ಕಾಗದದ ಅಂಗಡಿ ನಡೆಸುತ್ತಿದ್ದೆವು. ಮದುವೆಗೆ ಬಾಸಿಂಗ, ಹಂದರಕ್ಕೆ ತೋರಣ, ಮೊಹರಂ ಡೋಲಿಗೆ ಅಂಟಿಸುವ, ಬಲೆಯ ಹಾಗೆ ತೂತುತೂತಾಗಿ ಕತ್ತರಿಸಿದ ಬಣ್ಣದ ಕಾಗದದ ಜಾಲಿ. ಕತ್ತರಿಸುವುದು ಆಪಾ, ಅಂಟಿಸುವುದು ನಾನು, ಗಿರಾಕಿಗಳ ಜೊತೆ ಜಗಳಾಡುವುದೂ ನಾನೇ. ಗಾಳಿಪಟದ ತೆಳು ಕಾಗದವನ್ನು ಎಂಟು ಮಡಿಕೆ ಮಾಡಿ, ಸಣ್ಣ ಕತ್ತರಿ ಹಿಡಿದು ಅವಳು ಕೂತಳೆಂದರೆ ಅರ್ಧ ತಾಸಿನಲ್ಲಿ ಕಾಗದ ಬಿಚ್ಚಿ ನವಿಲು, ಕಮಲ, ಬಳ್ಳಿ ತೋರಿಸುತ್ತಿದ್ದಳು. ಪೆನ್ಸಿಲ್ ಗುರುತು ಸಹ ಹಾಕುತ್ತಿರಲಿಲ್ಲ.

ಆ ವರ್ಷ ಅವಳ ಬಲಗೈ ಹೆಬ್ಬೆರಳು ಬಾತು ಕೂತಿತು. ದವಾಖಾನೆಯ ಡಾಕ್ಟರು, ಇನ್ನು ಕತ್ತರಿ ಮುಟ್ಟಿದರೆ ತುತ್ತು ಎತ್ತುವುದಕ್ಕೂ ಬೆರಳು ಬಾರದು ಎಂದು ಹೇಳಿಬಿಟ್ಟರು. ಆಪಾ ಮನೆಗೆ ಬಂದು ಕತ್ತರಿಯನ್ನು ಡಬ್ಬಿಯಲ್ಲಿಟ್ಟು, ಬಾದಾಮಿಯ ತಂಗಿಯ ಮನೆಗೆ ಹೋಗಿ ಇದ್ದುಬಿಡುತ್ತೇನೆ ಎಂದಳು. ನನಗೆ ಸಿಟ್ಟು ಬಂತು, ಅಳುವೂ ಬಂತು. ಕಂಪ್ಯೂಟರ್ ಹೇಳಿದ ಹಾಗೆ ಕಾಗದ ಕತ್ತರಿಸುವ ಮಷೀನುಗಳಿವೆ, ನರಗುಂದದಲ್ಲೊಂದು, ಗಜೇಂದ್ರಗಡದಲ್ಲೊಂದು ಮಾರಾಟಕ್ಕಿವೆ ಎಂದು ಲಗ್ನಪತ್ರಿಕೆ ಅಚ್ಚು ಹಾಕುವವರಿಂದ ಕೇಳಿದ್ದೆ. ಎರಡನ್ನೂ ನೋಡಿ ಬರೋಣ ಎಂದು ಹಟ ಹಿಡಿದೆ. ಆಪಾ ಒಂದೇ ಕರಾರು ಹಾಕಿದಳು.

"ನನ್ನ ನವಲಿನ ಜಾಲಿ ಅದು ಕತ್ತರಿಸಿದ್ರ ನಾ ರೋಣದಾಗ ಇರತೇನಿ. ಇಲ್ಲಂದ್ರ ನನ್ನ ತಡೀಬ್ಯಾಡ, ನೀಲವ್ವ."

ಬೆಳವಣಕಿಯಲ್ಲಿ ಅರ್ಧ ಬಸ್ಸು ಇಳಿದು, ಮತ್ತೆ ಅಷ್ಟೇ ಮಂದಿ ಹತ್ತಿದರು. ದಾರಿಯುದ್ದಕ್ಕೂ ಎರೆಹೊಲ, ಮೊಳಕಾಲುದ್ದ ಕಡಲೆ, ಅದರಾಚೆ ಬಿಳಿಜೋಳ. ಒಬ್ಬಾಕೆ ಹಸಿಕಡಲೆಯ ಸುಲಗಾಯಿ ಸಿವುಡು ಹಿಡಿದು ಹತ್ತಿದ್ದಳು. ಎರಡು ರೂಪಾಯಿಗೆ ಒಂದು ಹಿಡಿ ಕೊಂಡು ನಾನೇ ಬಿಡಿಸಿ ಆಪಾನ ಕೈಗೆ ಹಾಕಿದೆ. ತಲಾ ಹದಿನೇಳು ರೂಪಾಯಿ ಟಿಕೆಟ್ಟಿನಲ್ಲಿ ಹತ್ತರ ಹೊತ್ತಿಗೆ ನರಗುಂದದ ಗುಡ್ಡ ಕಂಡಿತು.

ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆಯೇ ಇತ್ತು. ಗಿಫ್ಟ್ ಸಾಮಾನು ಮಾರುವ ಸಾವಕಾರರು ಪರದೇಶದಿಂದ ತರಿಸಿದ್ದ ಮಷೀನನ್ನು ಮೇಜಿನ ಮೇಲಿಟ್ಟು ಅದರ ಮೇಲೊಂದು ಕಸೂತಿ ಬಟ್ಟೆ ಹೊದಿಸಿದ್ದರು. ಹೊಲಿಗೆ ಪೆಟ್ಟಿಗೆಯಷ್ಟೇ ದೊಡ್ಡದು, ಹಸಿರು ಬಣ್ಣ, ನೋಡಲು ಭಾಳ ಚಂದ. ಕಂಪ್ಯೂಟರೂ ಬೇಡ, ಒಂದು ಸಣ್ಣ ಡಬ್ಬಿ ಸಿಕ್ಕಿಸಿ ಗುಂಡಿ ಒತ್ತಿದರೆ ಡಬ್ಬಿಯೊಳಗಿನ ಆಕಾರ ಕತ್ತರಿಸಿ ಕೊಡುತ್ತದೆ ಎಂದು ವಿವರಿಸಿದರು. ಸಾವಕಾರರು ಗುಂಡಿ ಒತ್ತಿದರು. ದಪ್ಪ ಕಾಗದದಿಂದ ನಾಜೂಕಾದ ಒಂದು ಬಾತುಕೋಳಿ ಹೊರಬಂತು. ನನಗೆ ಅಲ್ಲೇ ಮನಸ್ಸು ಕರಗಿತು.

ನವಿಲು ಇದೆಯೇ ಎಂದು ಆಪಾ ಕೇಳಿದಳು. ನವಿಲಿಲ್ಲ, ಹೃದಯ ಇದೆ, ನಕ್ಷತ್ರ ಇದೆ, ಹುಟ್ಟುಹಬ್ಬದ ಅಕ್ಷರಗಳಿವೆ ಎಂದರು. ಬೇರೆ ಡಬ್ಬಿ ತರಿಸಬಹುದು, ಆದರೆ ಕಂಪನಿಯವರು ಮಾಡಿದ್ದಷ್ಟೇ ಸಿಗುತ್ತದೆಯಂತೆ. ಬಾತುಕೋಳಿಯನ್ನೇ ಸ್ವಲ್ಪ ಉದ್ದ ಮಾಡಿದರೆ ನವಿಲಿನ ಹಾಗೆ ಕಾಣುತ್ತದೆ ಎಂದು ಒಂದು ಸಲಹೆಯನ್ನೂ ಕೊಟ್ಟರು.

"ಮದುಮಗನ ಹಣೀಮ್ಯಾಲ ಬಾತುಕೋಳಿ ಕುಂಡರಸಿದ್ರ ಹೆಣ್ಣಿನವರು ಲಗ್ನ ಮಾಡಿಕೊಡ್ತಾರೇನ್ರಿ?" ಎಂದು ಆಪಾ ಮೆತ್ತಗೆ ಕೇಳಿದಳು. ಸಾವಕಾರರ ಮುಖ ಸಣ್ಣದಾಯಿತು.

ಆಮೇಲೆ ನಡೆದ ತಪ್ಪು ಮಾತ್ರ ಪೂರ್ತಿ ನಮ್ಮದು. ತೆಳು ಕಾಗದ ಹಾಕಿ ನೋಡುತ್ತೇವೆ ಎಂದು ಹೇಳಿ, ಅವರು ಗಿರಾಕಿಯತ್ತ ತಿರುಗಿದಾಗ, ಆಪಾ ರೂಢಿಯಂತೆ ಕಾಗದವನ್ನು ಎಂಟು ಮಡಿಕೆ ಮಾಡಿ ಒಳಗೆ ತಳ್ಳಿದಳು. ನಮ್ಮ ಕೆಲಸದಲ್ಲಿ ಮಡಿಕೆಯಿಲ್ಲದೆ ಯಾರೂ ಕತ್ತರಿ ಎತ್ತುವುದಿಲ್ಲ, ನನಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ. ಗುಂಡಿ ಒತ್ತಿದವಳು ನಾನು. ಮಷೀನು ಒಂದು ಸಲ ಕರಕರ ಎಂದು ಹಲ್ಲು ಕಡಿದು ನಿಂತುಬಿಟ್ಟಿತು. ಬ್ಲೇಡಿನ ತುದಿ ಮುರಿದಿತ್ತು. ಹೊಸ ಬ್ಲೇಡಿನ ಹಣ ಕೊಟ್ಟು, ನಾಲ್ಕು ಮಾತು ಕೇಳಿಸಿಕೊಂಡು ಹೊರಬಂದೆವು. ಮಿರ್ಚಿ ಭಜಿ ತಿಂದರೂ ರುಚಿ ಹತ್ತಲಿಲ್ಲ. ವಾಪಸ್ ಬರುವಾಗ ಆಪಾ, ನಾಳೆ ಗಜೇಂದ್ರಗಡದಲ್ಲಿ ನಾನು ಏನೂ ಮುಟ್ಟುವುದಿಲ್ಲ, ಬಾಯಿಯೂ ತೆರೆಯುವುದಿಲ್ಲ ಎಂದಳು. ಬಾದಾಮಿಗೆ ಹೊತ್ತೊಯ್ಯುವ ಟ್ರಂಕನ್ನು ಮನಸ್ಸಿನಲ್ಲೇ ತುಂಬುತ್ತಿದ್ದಾಳೆಂದು ನನಗೆ ಗೊತ್ತಾಯಿತು.

ಮರುದಿನ ಒಂಬತ್ತಕ್ಕೆ ಗಜೇಂದ್ರಗಡದ ಬಸ್ಸು. ಇದು ಹೊತ್ತಿಗೆ ಸರಿಯಾಗಿ ಹೊರಟಿತು, ಆದರೆ ಕೂರಲು ಜಾಗವಿರಲಿಲ್ಲ. ಆಪಾ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತಳು, ನಾನು ಕಂಬಿ ಹಿಡಿದು ನಿಂತೆ. ನಾವು ಹುಡುಕುತ್ತಿದ್ದ ಅಂಗಡಿಯಲ್ಲಿ ಬೈಕು, ಟಂಟಂ ರಿಕ್ಷಾಗಳಿಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸುತ್ತಿದ್ದರು. ಯಜಮಾನರು ಊರಲ್ಲಿರಲಿಲ್ಲ. ಅವರ ಹೆಂಡತಿ ಸುಮಂಗಲಾ ಕಂಪ್ಯೂಟರ್ ಮುಂದೆ ಕೂತು, ಯಾರದೋ ಟ್ರ್ಯಾಕ್ಟರಿಗೆ ಹುಲಿಮುಖ ತಯಾರಿಸುತ್ತಿದ್ದರು. ದೊಡ್ಡ ಮಷೀನು ಬಂದಿದ್ದರಿಂದ ಹಳೆಯದನ್ನು, ಅದರ ಜೊತೆಗಿನ ಹಳೆ ಕಂಪ್ಯೂಟರ್ ಸಮೇತ, ಕೊಡಲು ತಯಾರಿದ್ದರು.

ಈ ಮಷೀನು ನೋಡಲು ಚಂದವಿರಲಿಲ್ಲ. ಒಂದೂವರೆ ಮೊಳ ಉದ್ದ, ಮೂಲೆಯೆಲ್ಲ ಸ್ಟಿಕ್ಕರಿನ ಅಂಟು. ಆದರೆ ನಾವು ಯಾವ ಚಿತ್ರ ಕೊಟ್ಟರೂ ಕಂಪ್ಯೂಟರಿಗೆ ಹಾಕಿ ಕತ್ತರಿಸಬಹುದು ಎಂದರು. ಕಳೆದ ವರ್ಷ ಆಪಾ ಕತ್ತರಿಸಿದ್ದ ನವಿಲಿನ ಜಾಲಿಯನ್ನು ಹಾಳೆಗಳ ನಡುವೆ ಇಟ್ಟು ತಂದಿದ್ದೆ. ಸುಮಂಗಲಾ ಅದನ್ನು ಸ್ಕ್ಯಾನ್ ಮಾಡಿ, ಒಂದು ತಾಸು ಕೂತು ಗೆರೆಗಳನ್ನು ತಿದ್ದಿದರು. ಪೂರ್ತಿ ಬಿಚ್ಚಿದ ತನ್ನ ನವಿಲು ಪರದೆಯ ಮೇಲೆ ಗೆರೆಗೆರೆಯಾಗಿ ಬಂದದ್ದನ್ನು ಆಪಾ ಕಣ್ಣು ಮಿಟುಕಿಸದೆ ನೋಡಿದಳು.

ಇನ್ನೇನು ಕತ್ತರಿಸಬೇಕು, ಕರೆಂಟು ಹೋಯಿತು. ಮೂರಕ್ಕೆ ಬರುತ್ತದೆ ಎಂದರು. ನಾವು ತಂದಿದ್ದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಬಿಚ್ಚಿದೆವು. ಸುಮಂಗಲಾ ಒಳಗಿನಿಂದ ಮೊಸರು ತಂದರು. ಮೂರು ಕಳೆದು ಹತ್ತು ನಿಮಿಷಕ್ಕೆ ಫ್ಯಾನು ತಿರುಗಿತು.

ಅವರು ಗುಲಾಬಿ ಬಣ್ಣದ ತೆಳು ಕಾಗದವನ್ನು ತುಸು ಅಂಟಿರುವ ಸ್ಟಿಕ್ಕರ್ ಹಾಳೆಯ ಮೇಲೆ ಹಾಸಿ ಮಷೀನಿಗೆ ಕೊಟ್ಟರು. ಬ್ಲೇಡು ಮೊದಲು ಹೊರಗಿನ ಅಂಚನ್ನು ಸುತ್ತಿ ಬಂತು, ಆಮೇಲೆ ಒಳಗಿನ ಗರಿಗಳಿಗೆ ಇಳಿಯಿತು. ಮೂರನೆಯ ಗರಿಗೆ ಕಾಗದ ಮುದುಡಿ ಹರಿಯಿತು. ಬ್ಲೇಡಿನ ಒತ್ತಡ ಕಡಿಮೆ ಮಾಡಿದರು, ಮತ್ತೆ ಹರಿಯಿತು. ಮೂರನೆಯ ಹಾಳೆಯೂ ಹೋಯಿತು. ಇಷ್ಟು ತೆಳು ಕಾಗದ ಇದಕ್ಕೆ ಒಗ್ಗುವುದಿಲ್ಲವೇನೋ ಎಂದು ಸುಮಂಗಲಾ ಬೇಸರದಿಂದ ಹೇಳಿದರು. ನಾನು ಹರಿದ ಹಾಳೆಗಳನ್ನು ಆಯ್ದುಕೊಂಡೆ. ಆಪಾನ ಕಡೆ ನೋಡುವ ಧೈರ್ಯ ಆಗಲಿಲ್ಲ.

ಆಗ ಆಪಾ ಸ್ಟೂಲಿನಿಂದ ಎದ್ದಳು.

"ಅಂಚು ಮೊದಲು ಕತ್ತರಿಸಂತ ಯಾರು ಹೇಳ್ಯಾರವ್ವ ಇದಕ್ಕ?"

ಯಾರೂ ಹೇಳಿಲ್ಲ, ಅದೇ ಲೆಕ್ಕ ಹಾಕಿಕೊಂಡು ಹೋಗುತ್ತದೆ ಎಂದರು ಸುಮಂಗಲಾ.

"ಅಂಚು ಬಿಟ್ಟ ಮ್ಯಾಲ ಕಾಗದಾನ ಹಿಡಕೊಳ್ಳೋರು ಯಾರು? ಒಳಗಿನ ಸಣ್ಣ ಕಣ್ಣು ಮೊದಲು ತಗೀಬೇಕು. ನಡುವಿಂದ ಹೊರಗ ಬರಬೇಕು. ಅಂಚು ಕಟ್ಟಕಡೀಕ. ನಲವತ್ತು ವರ್ಷ ನಾ ಹಿಂಗ ಕತ್ತರಿಸೇನಿ."

ಸುಮಂಗಲಾ ಕುರ್ಚಿ ಎಳೆದು, ಆಪಾನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಯಾವ ಗೆರೆ ಮೊದಲು, ಯಾವುದು ನಂತರ ಎಂದು ಕೈಯಿಂದಲೇ ಕಂಪ್ಯೂಟರಿಗೆ ಹೇಳಬಹುದಂತೆ. ಸ್ಟಿಕ್ಕರಿಗೆ ಅದರ ಜರೂರು ಬಿದ್ದಿರಲಿಲ್ಲ. ಆಪಾ ಬಾತ ಹೆಬ್ಬೆರಳನ್ನು ಮಡಚಿಕೊಂಡು ತೋರುಬೆರಳಿನಿಂದ ಪರದೆಯ ಮೇಲೆ ತೋರಿಸುತ್ತ ಹೋದಳು. ಇದು, ಆಮೇಲೆ ಇದು, ಇದನ್ನ ಈಗ ಮುಟ್ಟಬ್ಯಾಡ. ಒಂದು ಗರಿ ಹಿಂದುಮುಂದಾಯಿತೆಂದು ಸುಮಂಗಲಾಗೆ ಬೈದೂಬಿಟ್ಟಳು. ಅವರು ನಕ್ಕು ತಿದ್ದಿಕೊಂಡರು.

ನಾಲ್ಕನೆಯ ಹಾಳೆ. ಕಣ್ಣುಗಳು ಬಂದವು, ಗರಿಗಳು ಬಂದವು, ಬಳ್ಳಿ ಸುತ್ತಿತು. ಕಾಗದ ಮಿಸುಕಲಿಲ್ಲ. ಕಟ್ಟಕಡೆಗೆ ಬ್ಲೇಡು ಅಂಚನ್ನು ಸುತ್ತಿ ನಿಂತಿತು. ಸುಮಂಗಲಾ ಮೂಲೆ ಹಿಡಿದು ಮೆಲ್ಲಗೆ ಎತ್ತಿದರು. ಇಡೀ ನವಿಲಿನ ಜಾಲಿ, ಒಂದು ಎಳೆಯೂ ಹರಿಯದೆ, ಅವರ ಕೈಯಿಂದ ಇಳಿಬಿತ್ತು. ನಾನು ಸಂತೋಷಕ್ಕೆ ಸುಮಂಗಲಾ ಅವರ ತೋಳನ್ನು ಗಟ್ಟಿಯಾಗಿ ಹಿಡಿದುಬಿಟ್ಟೆ. ಆಪಾ ಜಾಲಿಯನ್ನು ಬಾಗಿಲಿನ ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಪರೀಕ್ಷೆ ಮಾಡಿದಳು.

"ಹೂಂ. ಕಲೀತೈತಿ ಇದು" ಎಂದಳು.

ಹಸಿರು ಮಷೀನಿನ ಮಾತು ಅಲ್ಲಿಗೆ ಮುಗಿಯಿತು, ಹಣ ಕೊಟ್ಟು ಇದನ್ನೇ ಕೊಂಡೆವು. ನನ್ನನ್ನು ಕೂರಿಸಿ, ನನ್ನ ಕೈಯಿಂದಲೇ ಎರಡು ಜಾಲಿ ತೆಗೆಸಿ, ವಾರಕ್ಕೊಮ್ಮೆ ರೋಣಕ್ಕೆ ಬಂದು ಉಳಿದದ್ದು ಕಲಿಸುತ್ತೇನೆ ಎಂದು ಸುಮಂಗಲಾ ಒಪ್ಪಿದರು. ಬದಲಿಗೆ ಮಡಿಕೆಯ ಕೆಲಸವನ್ನು ಆಪಾ ಅವರಿಗೆ ಕಲಿಸಬೇಕು. ಕಂಪ್ಯೂಟರನ್ನು ಮರುದಿನ ಟೆಂಪೋದಲ್ಲಿ ಕಳಿಸುವುದೆಂದಾಯಿತು. ಮಷೀನನ್ನು ಮಾತ್ರ ನಾನು ಬಿಟ್ಟು ಬರಲಿಲ್ಲ. ಚಾದರದಲ್ಲಿ ಸುತ್ತಿ ಹೊತ್ತುಕೊಂಡೆ.

ಐದೂವರೆಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಂಡಕ್ಟರ್ ಮಷೀನಿಗೆ ಲಗೇಜ್ ಟಿಕೆಟ್ ಕೇಳಿದ, ನಾನು ವಾದಿಸದೆ ಕೊಟ್ಟೆ. ನಾನು ವಾದಿಸದೆ ಇದ್ದುದನ್ನು ನೋಡಿ ಆಪಾ ನಕ್ಕಳು. ಗಜೇಂದ್ರಗಡದ ಗುಡ್ಡ ಹಿಂದೆ ಬಿತ್ತು, ಹೊಲಗಳ ಮೇಲೆ ಬಿಸಿಲು ಕೆಂಪಾಗಿ ಮಲಗಿತ್ತು. ಅಷ್ಟರಲ್ಲಿ ಆಪಾ ಒಂದು ಪೆನ್ನು ಕೇಳಿದಳು. ಕಂಡಕ್ಟರನದೇ ಇಸಿದುಕೊಂಡು ಕೊಟ್ಟೆ. ಸುಮಂಗಲಾ ಕೊಟ್ಟಿದ್ದ ರಸೀದಿಯ ಬೆನ್ನ ಮೇಲೆ ಅವಳು ಏನೋ ಗೀಚತೊಡಗಿದಳು. ಪೆನ್ನನ್ನು ಹೆಬ್ಬೆರಳಿಗೆ ತಾಗಿಸದೆ ಎರಡು ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡಿದ್ದಳು. ಮೊದಲು ಒಂದು ಸೂರ್ಯಕಾಂತಿ, ಅದರ ಸುತ್ತ ಗಿಳಿಗಳು. ಇದು ನಮ್ಮ ಅಂಗಡಿಯಲ್ಲಿದ್ದ ಯಾವ ಜಾಲಿಯೂ ಅಲ್ಲ. ಕೈನೋವು ಶುರುವಾದ ಮೇಲೆ ಅವಳು ಹೊಸದೊಂದನ್ನೂ ತೆಗೆದಿರಲಿಲ್ಲ. ಅವಳ ಮೊಣಕೈಗೆ ತಾಗದಂತೆ ನಾನು ಮಷೀನನ್ನು ಈಚೆ ಎಳೆದುಕೊಂಡೆ.

ರೋಣ ಬಂತು. ಮಂದಿ ಇಳಿದರು, ನಾನೂ ಮಷೀನು ಹೊತ್ತು ಇಳಿದೆ. ಆಪಾ ಮಾತ್ರ ದೀಪದ ಕೆಳಗೆ ತಲೆ ಬಗ್ಗಿಸಿ ಕೂತೇ ಇದ್ದಳು. ಕಂಡಕ್ಟರ್ ಬಾಗಿಲು ಬಡಿದು, ಇಳೀರಿ ಅಮ್ಮಾ, ಬಸ್ಸು ಡಿಪೋಗೆ ಹೋಗಬೇಕು ಎಂದು ಕೂಗಿದ.

"ತಡಿಯಪ್ಪ" ಎಂದಳು ಆಪಾ, ತಲೆ ಎತ್ತದೆ. "ಇನ್ನೊಂದು ಗಿಳಿ ಉಳದೈತಿ."