ಕುಂಕುಮ ಹಚ್ಚಿದ ಕಾಯಿ

ಎಂಬತ್ತರ ಇಸವಿಯ ಆಸುಪಾಸು, ಹೊನ್ನವಳ್ಳಿಯಲ್ಲಿ ನಾನು ಹೊಸದಾಗಿ ಬಂದ ವಿಜ್ಞಾನದ ಮೇಷ್ಟ್ರು. ತಿಪಟೂರಿನ ವಿಜ್ಞಾನ ಸ್ಪರ್ಧೆಗೆಂದು ನಮ್ಮ ಶಾಲೆಯ ಹುಡುಗಿಯರು ಅಟ್ಟದ ಮೇಲಿನ ಒಂದು ತೆಂಗಿನಕಾಯಿಯನ್ನು, ಅದು ಒಣಗಿ ಕೊಬ್ಬರಿಯಾಗುವುದನ್ನು ತೋರಿಸಲು, ತಿಂಗಳುಗಟ್ಟಲೆ ಪ್ರತಿ ಶನಿವಾರ ತೂಗಿದರು.

"ಅಲ್ಲಾಡಿಸಿ ನೋಡ್ದೆ ಸಾ, ಒಳಗೆ ನೀರೇ ಇಲ್ಲ," ಅಂದಳು ಅವರಲ್ಲೊಬ್ಬಳಾದ ಜಯಮ್ಮ.

"ಅಲ್ಲಾಡಿಸಿ ಹೇಳೋದು ವಿಜ್ಞಾನ ಅಲ್ಲ ಕಣಮ್ಮ," ಎಂದು ಗದರಿ, ತೂಕದಿಂದ ನಾನು ಹಾಕಿದ ಲೆಕ್ಕದಂತೆ 'ಒಳಗಿನ್ನೂ ನೀರಿದೆ' ಎಂದೇ ಚಾರ್ಟಿನಲ್ಲಿ ಬರೆಸಿದೆ.

ಹೊರಡುವ ಬೆಳಿಗ್ಗೆ ಆ ಕಾಯಿ ಸುಲಿದು, ಬೇರೆ ಕಾಯಿಯೊಂದಿಗೆ ಅದಲುಬದಲಾಗದಿರಲೆಂದು ಕುಂಕುಮ ಹಚ್ಚಿಟ್ಟೆ. ಜವಾನ ರಂಗಪ್ಪ ಅದನ್ನೆತ್ತಿ, ಮಕ್ಕಳಿಗೆ ಒಳ್ಳೆಯದಾಗಲೆಂದು ಶಾಲೆಯ ಬಾಗಿಲಲ್ಲಿ ಈಡುಗಾಯಿ ಹೊಡೆದೇಬಿಟ್ಟ! ಹನಿ ನೀರು ಚೆಲ್ಲಲಿಲ್ಲ. ಉಂಡೆ ಕೊಬ್ಬರಿ ಉರುಳಿ ನನ್ನ ಕಾಲ ಬಳಿ ನಿಂತಿತು.

"ಹಗುರ ಐತಲ್ಲ ಅಂದ್ಕಂಡೆ ಸಾ. ಕುಂಕುಮ ಇತ್ತಲ್ಲ, ದೇವ್ರ ಕಾಯಿ ಅಂತ ಸುಮ್ಕಾದೆ," ಅಂದ.

ಜಯಮ್ಮ ಚಿಪ್ಪಿನ ಚೂರು, ಕೊಬ್ಬರಿ ಆಯ್ದು ಚೀಲಕ್ಕೆ ಹಾಕಿಕೊಂಡಳು. ಬಸ್ಸಿನಲ್ಲಿ ಚಾರ್ಟಿನ ಮೇಲಿದ್ದ ನನ್ನ ಸಾಲು ಹೊಡೆದುಹಾಕಿ ತನ್ನ ಮಾತು ಬರೆದಳು. ಸ್ಪರ್ಧೆಯಲ್ಲಿ ಚಿಪ್ಪಿನ ಚೂರು, ಕೊಬ್ಬರಿ ಎರಡನ್ನೂ ಮುಂದಿಟ್ಟು ವಿವರಿಸಿದಳು. ಎರಡನೇ ಬಹುಮಾನ ಬಂತು.

ಅದು ತನ್ನ ಈಡುಗಾಯಿಯಿಂದಲೇ ಬಂದದ್ದೆಂದು ರಂಗಪ್ಪ ನಿವೃತ್ತಿಯಾಗುವವರೆಗೂ ಹೇಳುತ್ತಿದ್ದ. ವಿಜ್ಞಾನದ ಮೇಷ್ಟ್ರಾಗಿ ಅದನ್ನು ಅಲ್ಲಗಳೆಯಲು ನನಗೆ ಇವತ್ತಿಗೂ ದಾರಿ ಸಿಕ್ಕಿಲ್ಲ.