ನೂರಾ ಎಂಟನೆಯ ಪಲ್ಯ

ಜನವರಿಯ ಮೊದಲ ಸೋಮವಾರ ಸಂಜೆ ನಾಲ್ಕೂ ಹತ್ತಕ್ಕೆ ನನಗೆ ಮೂರನೆಯ ‘ಇಲ್ಲ’ ಬಂತು. ಕೆಂಟನ್ ರಸ್ತೆಯಲ್ಲಿ 183ನೇ ಬಸ್ಸಿನ ಮೇಲ್ಮಹಡಿಯಲ್ಲಿ ಕೂತು ಆ ಈಮೇಲ್ ಓದಿದೆ. ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದೆ ಎಂದು ಆ ದಿನದ ಡೈರಿಯಲ್ಲಿದೆ.

ಇಲ್ಲಿ, ಇಂಗ್ಲಿಷರ ಈ ನಾಡಿನಲ್ಲಿ, ವರ್ಷಕ್ಕೆ ನಾಲ್ಕೇ ವೈದ್ಯಕೀಯ ಕಾಲೇಜುಗಳಿಗೆ ಅರ್ಜಿ ಹಾಕಬಹುದು. ಎರಡು ಕಡೆಯವರು ನನ್ನನ್ನು ಸಂದರ್ಶನಕ್ಕೇ ಕರೆಯಲಿಲ್ಲ. ಮೂರನೆಯವರು ಕರೆದು ಬೇಡವೆಂದರು. ಉಳಿದದ್ದು ಒಂದೇ. ಅದು ಆರು ವರ್ಷದ ಕೋರ್ಸು, ಬಿಎಸ್ಸಿ ಮತ್ತು ವೈದ್ಯ ಪದವಿ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಅರ್ಜಿಯಲ್ಲಿ ಆ ಹೆಸರು ಕಂಡಾಗಲೇ ಶಾಲೆಯ ಮೇಡಂ, “ಆಸೆ ಒಳ್ಳೆಯದು, ಆದರೆ ನಿನಗೆ ಅಲ್ಲಿ ಸಿಗುವುದು ಕಷ್ಟ” ಎಂದಿದ್ದರು. ಆ ಸಂದರ್ಶನ ಜನವರಿ ಕೊನೆಗಿತ್ತು.

ಮೂರನೆಯ ಕಡೆ ಯಾಕೆ ತಪ್ಪಿತೆಂದು ನನಗೆ ಗೊತ್ತಿತ್ತು. “ನೀನು ಮಾಡಿದ ಒಂದು ತಪ್ಪು ಹೇಳು” ಎಂದು ಕೇಳಿದ್ದರು. ನಾನು ಬಾಯಿಪಾಠ ಮಾಡಿದ ಉತ್ತರ ಕೊಟ್ಟೆ: ನಾನು ಅತಿಯಾಗಿ ಅಚ್ಚುಕಟ್ಟು, ಅದೇ ನನ್ನ ತಪ್ಪು. ಎದುರಿಗಿದ್ದ ಡಾಕ್ಟರು ಪೆನ್ನು ಕೆಳಗಿಟ್ಟರು.

ಆ ರಾತ್ರಿ ಅವ್ವ ಏನೂ ಉಣ್ಣಲಿಲ್ಲ. ಅಪ್ಪ ಮಾತ್ರ, “ಇನ್ನೊಂದ ಅದ ಅಲ್ಲ? ಒಂದ ಸಾಕು, ನಾಕ ಕಾಲೇಜಿಗೆ ಹೋಗಾಕ ನಿನಗೇನ ನಾಕ ತಲಿ ಅದಾವ?” ಎಂದರು. ನಾನು ನಗಲಿಲ್ಲ.

ನಾವು ವಿಜಯಪುರದ ಕಡೆಯವರು, ಮನೆದೇವರು ಬಾದಾಮಿ ಬನಶಂಕರಿ. ಬನದ ಹುಣ್ಣಿಮೆಯ ಹೊತ್ತಿಗೆ ತಾಯಿಗೆ ನೂರಾ ಎಂಟು ಬಗೆಯ ಪಲ್ಯಗಳ ನೈವೇದ್ಯ ಆಗಬೇಕು. ಊರಲ್ಲಿ ನಡೆಯುವ ಈ ಹಬ್ಬವನ್ನು ಇಲ್ಲಿ ನಾವು ಇಪ್ಪತ್ತೈದು ಮನೆಯವರು ಕಿಂಗ್ಸ್‌ಬರಿಯ ಬಾಡಿಗೆ ಹಾಲಿನಲ್ಲಿ ಮಾಡುತ್ತೇವೆ. ಒಂದೊಂದು ಮನೆಗೆ ನಾಲ್ಕೈದು ಪಲ್ಯ. ಯಾರು ಯಾವುದು ಎಂಬ ಪಟ್ಟಿ ಈ ಸಲ ನನ್ನ ಕೈಗೆ ಬಂತು. ಎಲ್ಲರಿಗೂ ಬದನೆಕಾಯಿಯೇ ಬೇಕು! ಒಬ್ಬೊಬ್ಬರಿಗೂ ಫೋನು ಮಾಡಿ ಬದಲಾಯಿಸಿದೆ. ಒಟ್ಟು ನಲವತ್ತೊಂದು ಫೋನು.

ಪಟ್ಟಿ ಹಿಡಿದ ದಿನ ದೇವರ ಮುಂದೆ ಕೂತು ಬೇಡಿಕೊಂಡೆ: “ತಾಯಿ, ನೂರಾ ಎಂಟರಲ್ಲಿ ಒಂದೂ ತಪ್ಪದಂತೆ ಒಪ್ಪಿಸುತ್ತೇನೆ. ನನಗೆ ಆ ಒಂದು ಸೀಟು ಕೊಡು.”

ಹಬ್ಬದ ದಿನ ಬೆಳಿಗ್ಗೆ ಹಾಲಿನ ಉದ್ದಕ್ಕೂ ಡಬ್ಬಿಗಳು. ಒಂದೊಂದಕ್ಕೂ ಚೀಟಿ ಅಂಟಿಸಿ ಗುರುತು ಹಾಕುತ್ತಾ ಬಂದೆ. ನೂರಾ ಎಂಟೂ ಇದ್ದವು. ಆದರೆ ಗುರುತು ಹಾಕುವುದು ಇನ್ನೂ ಅರ್ಧದಲ್ಲಿರುವಾಗ ಒಂದು ಸ್ಟೀಲ್ ಡಬ್ಬಿಯ ಚೀಟಿ ಬಿದ್ದುಹೋಗಿದ್ದು ಕಂಡಿತು. ಒಳಗಿದ್ದದ್ದು ಸೋರೆಕಾಯಿಯೋ ಸೀಮೆಬದನೆಕಾಯಿಯೋ ಕಣ್ಣಿಗೆ ತಿಳಿಯಲಿಲ್ಲ. ಕೈಯಲ್ಲಿ ಪೆನ್ನು, ತಲೆಯಲ್ಲಿ ಪಟ್ಟಿ. ಬೆರಳಲ್ಲಿ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡೆ.

ಸೋರೆಕಾಯಿ ಎಂದು ನಾಲಗೆಗೆ ತಿಳಿದ ಕ್ಷಣವೇ ಏನು ಮಾಡಿದೆನೆಂದೂ ತಿಳಿಯಿತು. ನೈವೇದ್ಯಕ್ಕೆ ಮೊದಲು ಎಂಜಲು ಮಾಡಿದ್ದೆ. ಇನ್ನು ಅದನ್ನು ತಾಯಿಯ ಮುಂದೆ ಇಡುವ ಹಾಗಿರಲಿಲ್ಲ.

ಸುತ್ತ ಯಾರೂ ನೋಡಿರಲಿಲ್ಲ. ಮುಚ್ಚಳ ಹಾಕಿ ಗುರುತು ಹಾಕಿದ್ದರೆ ನೂರಾ ಎಂಟು ಪೂರ್ತಿ, ನನ್ನ ಹರಕೆಯೂ ಪೂರ್ತಿ. ಹೇಳಿದರೆ ನೂರಾ ಏಳು, ಸೀಟು ಹೋಯಿತು. ಆಗ ನಾನು ಹಾಗೆಯೇ ನಂಬಿದ್ದೆ. ಡಬ್ಬಿ ಹಿಡಿದು ಎಷ್ಟು ಹೊತ್ತು ನಿಂತೆನೋ, ಅದೊಂದರ ಲೆಕ್ಕ ನನ್ನ ಬಳಿ ಇಲ್ಲ.

ಪಟ್ಟಿಯ ಪ್ರಕಾರ ಸೋರೆಕಾಯಿ ಗಿರಿಜಾ ಕಾಕು ತಂದದ್ದು. ನಮ್ಮ ಗುಂಪಿನ ಅತಿ ಹಿರಿಯರು, ಎಲ್ಲರಿಗೂ ಕಾಕು, ಅಂದರೆ ಚಿಕ್ಕಮ್ಮ. ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದರು.

“ಕಾಕು, ನಿಮ್ಮ ಸೋರೆಕಾಯಿ ಪಲ್ಲೆ ನಾನು ರುಚಿ ನೋಡಿಬಿಟ್ಟೆ. ತಪ್ಪು ನಂದು. ಸಾರಿ.”

“ಏನಂದಿ? ನೈವೇದ್ಯದ್ದು? ನಸಿಕಿನ್ಯಾಗ ಎದ್ದು, ತಣ್ಣೀರಾಗ ಜಳಕಾ ಮಾಡಿ ಮಾಡೇನಿ ನಾ ಅದನ್ನ!”

ಚೀಟಿ ಬಿದ್ದಿತ್ತು, ಗಡಿಬಿಡಿ ಇತ್ತು ಎಂದೆಲ್ಲ ಹೇಳಬೇಕೆನಿಸಿತು. ಹೇಳಲಿಲ್ಲ. ಕಾಕು ಬೈದಷ್ಟೂ ಹೊತ್ತು ನಿಂತೆ.

“ಯಾರರ ನೋಡಿದ್ರೇನು?”

“ಇಲ್ಲ.”

“ಮತ್ತ್ಯಾಕ ಹೇಳಾಕ ಬಂದಿ?”

“ನಾ ನೋಡಿದ್ನಲ್ಲ ಕಾಕು.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡರು. “ಅಳಾಕ ಹತ್ತಬ್ಯಾಡ. ಮಂಗಳಾರತಿಗೆ ಇನ್ನ ಮುಕ್ಕಾಲು ತಾಸದ. ಓಡು, ಅಂಗಡ್ಯಾಗ ಎಳೀ ಕಾಯಿ ತೊಗೊಂಡ ಬಾ. ಉಗುರು ಚುಚ್ಚಿ ನೋಡು, ಬಾಯಾಗ ಹಾಕ್ಕೊಂಡಗಿಂಡೀ!”

ಓಡಿದೆ. ಎರಡನೆಯ ಅಂಗಡಿಯಲ್ಲಿ ಒಂದೇ ಒಂದು ಸಿಕ್ಕಿತು. ನಾನು ಹೆಚ್ಚಿದೆ, ಕಾಕು ಒಗ್ಗರಣೆ ಹಾಕಿದರು. ಆರತಿಯ ಗಂಟೆ ಬಾರಿಸುವ ಮೊದಲು ನೂರಾ ಎಂಟನೆಯ ಪಲ್ಯ ಬಿಸಿಬಿಸಿಯಾಗಿ ತಾಯಿಯ ಮುಂದಿತ್ತು. ಹರಕೆಯನ್ನು ಹೇಳಿದಂತೆ ನಡೆಸಲಾಗಲಿಲ್ಲ ಎಂದು ಕಣ್ಣು ಮುಚ್ಚಿ ತಾಯಿಗೂ ಒಪ್ಪಿಸಿದೆ.

ಅದಾದ ಹನ್ನೊಂದನೆಯ ದಿನ ಸಂದರ್ಶನ. ಎಂಟು ಕೋಣೆ, ಒಂದೊಂದರಲ್ಲಿ ಏಳು ನಿಮಿಷ. ಐದನೆಯ ಕೋಣೆಯ ಬಾಗಿಲ ಮೇಲಿನ ಕಾಗದವನ್ನು ಎರಡು ಸಲ ಓದಿದೆ. ‘ಪಕ್ಕದ ಮನೆಯ ಮಹಿಳೆ ಊರಿಗೆ ಹೋಗುವಾಗ, ತೀರಿಕೊಂಡ ಗಂಡ ನೆಟ್ಟ ಗಿಡಕ್ಕೆ ನೀರು ಹಾಕೆಂದು ನಿಮಗೆ ಒಪ್ಪಿಸಿದ್ದರು. ನೀವು ಮರೆತಿರಿ. ಗಿಡ ಒಣಗಿದೆ. ಒಳಗೆ ಹೋಗಿ ಅವರಿಗೆ ತಿಳಿಸಿ.’

ಒಳಗೆ ಆ ಮಹಿಳೆಯ ಪಾತ್ರ ಮಾಡುವ ನಟಿಯೊಬ್ಬರು ಕೂತಿದ್ದರು. ಎದುರು ಕೂತು ಮೊದಲ ಮಾತಿಗೇ ಹೇಳಿದೆ: ಗಿಡ ಸತ್ತಿದೆ, ನಾನು ಮರೆತೆ, ತಪ್ಪು ನನ್ನದು. ಅವರು ಕೂಗಿದರು, ಆಮೇಲೆ ಅತ್ತರು. ನಾನು ನೆಪ ಹೇಳಲಿಲ್ಲ, ಎದ್ದು ಹೋಗಲಿಲ್ಲ. ಕೂಗು ನಿಂತ ಮೇಲೆ, ಅವರ ಗಂಡ ಆ ಗಿಡವನ್ನು ಯಾವಾಗ ನೆಟ್ಟರೆಂದು ಕೇಳಿದೆ. ಏಳು ನಿಮಿಷದ ಗಂಟೆ ಆಗುವವರೆಗೂ ಮೂಲೆಯಲ್ಲಿದ್ದ ಡಾಕ್ಟರು ಬರೆಯುತ್ತಲೇ ಇದ್ದರು.

ಮಾರ್ಚ್ ಎರಡನೆಯ ಶುಕ್ರವಾರ ಆ ಕಾಲೇಜಿನಿಂದ ‘ಹೌದು’ ಬಂತು. ಆಗಸ್ಟಿನಲ್ಲಿ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಅವರು ಕೇಳಿದಷ್ಟು ಗ್ರೇಡುಗಳೂ ಬಂದವು. ಅಪ್ಪ ಕೆಲಸಕ್ಕೆ ಹೋಗುವಾಗ ಬಸ್ ಡ್ರೈವರಿಗೂ ಹೇಳಿದರಂತೆ. ಅವ್ವ ಗಿರಿಜಾ ಕಾಕುಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

“ನನಗ ಅವತ್ತ ಗೊತ್ತಾಗಿತ್ತವಾ,” ಎಂದರು ಕಾಕು. “ನಾ ಬೈಯೂ ಮುಂದ ಗಟ್ಟ್ಯಾಗಿ ನಿಂತಾಕಿ, ಎಂಥಾ ಪೇಶಂಟ್ ಮುಂದೂ ನಿಲ್ಲತಾಳ!”

ಈ ಅನುಭವ ಓದುತ್ತಿರುವ ಭಕ್ತ ಬಂಧುಗಳೇ, ನಾನು ಓದಿದ್ದೆ, ಅದರ ಹೆಮ್ಮೆ ನನಗಿದೆ. ಆದರೆ ಆ ಐದನೆಯ ಕೋಣೆಗೆ ಓದಿನಿಂದ ತಯಾರಾಗುವುದು ನನಗೆ ಆಗುತ್ತಿರಲಿಲ್ಲ. ಅದನ್ನು ತಾಯಿ ತನ್ನ ಹಬ್ಬದಲ್ಲಿ, ತನ್ನ ಅಡುಗೆಮನೆಯಲ್ಲಿ ಕಲಿಸಿದಳು. ಸೆಪ್ಟೆಂಬರಿನಿಂದ ನಾನು ಆರು ವರ್ಷದ ಕೋರ್ಸಿನ ಮೊದಲ ವರ್ಷದಲ್ಲಿದ್ದೇನೆ. ನಿನ್ನೆ ಮೊದಲ ಬಾರಿಗೆ ವಾರ್ಡಿಗೆ ಕರೆದೊಯ್ದರು. ಬಾಗಿಲಲ್ಲಿ ಬನಶಂಕರಿ ತಾಯಿಯ ಹೆಸರು ಹೇಳಿ ಬಲಗಾಲಿಟ್ಟು ಒಳಗೆ ಹೋದೆ.