ಹದಿನಾಲ್ಕನೇ ವಿಳಾಸದಿಂದ ಬಂದ ಉತ್ತರ

ಎಂಜಿನಿಯರಿಂಗ್ ಮುಗಿಸಿ, ಪಿಲ್ಲಗುಂಪೆಯ ಒಂದು ಸಣ್ಣ ಆಟೊಮೇಷನ್ ಸಂಸ್ಥೆಗೆ ನೆಟ್‌ವರ್ಕ್ ಎಂಜಿನಿಯರ್ ಆಗಿ ಸೇರಿದ ಮೊದಲ ವರ್ಷದ ಘಟನೆ ಇದು. ನನ್ನೊಬ್ಬಳಿಗೇ ವಹಿಸಿದ ಮೊದಲ ಕೆಲಸ ಸೂಲಿಬೆಲೆ ಸಮೀಪದ ಒಂದು ಖಾಸಗಿ ಹಾಲು ಶೀತಲೀಕರಣ ಘಟಕದ್ದು. ಸುತ್ತಲಿನ ಹಳ್ಳಿಗಳ ಹಾಲು ದಿನಕ್ಕೆರಡು ಬಾರಿ ಅಲ್ಲಿಗೆ ಬರುತ್ತಿತ್ತು. ಅದನ್ನು ತಂಪಾಗಿಸುವ ಯಂತ್ರಗಳಲ್ಲಿ ಅಮೋನಿಯಾ ಹರಿಯುತ್ತದೆ. ಸೋರಿದರೆ ಮೊದಲು ಕಣ್ಣು, ಆಮೇಲೆ ಉಸಿರು. ಆರು ಕಡೆ ಅನಿಲ ಸೆನ್ಸರ್ ಕೂರಿಸಿ, ಎಲ್ಲವನ್ನೂ ಕೇಬಲ್ ಮೂಲಕ ಕಚೇರಿಯ ಕಂಪ್ಯೂಟರಿಗೆ ಜೋಡಿಸುವುದು ನನ್ನ ಹೊಣೆ.

ನೆಟ್‌ವರ್ಕಿನಲ್ಲಿ ಪ್ರತಿ ಸಾಧನಕ್ಕೂ ಐಪಿ ವಿಳಾಸ ಎಂಬ ಸಂಖ್ಯೆ ಇರುತ್ತದೆ. ನಮ್ಮ ಆರು ಸೆನ್ಸರ್‌ಗಳ ವಿಳಾಸಗಳು ಹನ್ನೊಂದರಿಂದ ಹದಿನಾರು. ತಂಪಾಗಿಸುವ ಯಂತ್ರಗಳಿರುವ ಕಂಪ್ರೆಸರ್ ಕೋಣೆಯದು ಹದಿನಾಲ್ಕು. ಅದರ ಸುದ್ದಿ ಬೇಕಾದಾಗ ಕಂಪ್ಯೂಟರ್ ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗುತ್ತದೆ: ಹದಿನಾಲ್ಕು ಯಾರು? ‘ನಾನು’ ಎಂದವರನ್ನು ನಂಬುತ್ತದೆ. ಬೇರೆ ಗುರುತು ಕೇಳುವುದಿಲ್ಲ. ಎಆರ್‌ಪಿ ಎಂಬ ಈ ಪದ್ಧತಿಯನ್ನು ಕಾಲೇಜಿನಲ್ಲಿ ಓದಿದ್ದೆ. ಆ ಪ್ರಶ್ನೆಗೆ ಪೂರ್ತಿ ಅಂಕವೂ ಬಂದಿತ್ತು.

ಕಂಪ್ರೆಸರ್ ಕೋಣೆಗೆ ಕೇಬಲ್ ಎಳೆಯುವುದು ತಡವಾಯಿತು. ಅಷ್ಟರಲ್ಲಿ ಸಿಬ್ಬಂದಿಗೆ ಪರದೆ ಓದುವುದನ್ನು ಕಲಿಸಬೇಕಿತ್ತು. ಮಾದರಿಗೆಂದು ತಂದಿದ್ದ ಒಂದು ಸೆನ್ಸರ್‌ಗೆ ಖಾಲಿ ಇದ್ದ ಹದಿನಾಲ್ಕನೇ ವಿಳಾಸವನ್ನೇ ಕೊಟ್ಟು ಕಚೇರಿಯಲ್ಲಿ ಜೋಡಿಸಿ ತೋರಿಸಿದೆ.

ನಿಜವಾದ ಸೆನ್ಸರ್ ಕೂರಿಸಿ ಮುಗಿದದ್ದು ಆಯುಧಪೂಜೆಯ ದಿನ. ಮಾದರಿಯನ್ನು ತೆಗೆಯಲು ಕಚೇರಿಗೆ ಬಂದರೆ ಅದು ದೇವರ ಪಟದ ಕೆಳಗೆ, ಸ್ಪ್ಯಾನರ್‌ಗಳ ಪಕ್ಕದಲ್ಲಿ, ಕುಂಕುಮ ಹಚ್ಚಿಸಿಕೊಂಡು ಚೆಂಡುಹೂವಿನ ನಡುವೆ ಕೂತಿತ್ತು. ಕೇಬಲ್ ಹಾಗೇ ಇತ್ತು. ಹಸಿರು ದೀಪ ಮಿನುಗುತ್ತಿತ್ತು. ನಾನು ಕೈ ಚಾಚಿದ್ದನ್ನು ನೋಡಿ ಕಂಪ್ರೆಸರ್ ಆಪರೇಟರ್ ಮುನಿರಾಜಣ್ಣ ತಡೆದರು.

“ಅಯ್ಯೋ, ಬೇಡ ಕಣಮ್ಮ! ಪೂಜೆಗಿಟ್ಟಿದ್ದನ್ನ ಇವತ್ತೇ ಯಾರಾದ್ರೂ ಕದಲಿಸ್ತಾರಾ? ನಾಳೆ ವಿಜಯದಶಮಿ, ಬೆಳಿಗ್ಗೆ ಬಂದು ಎತ್ಕೋ. ನೋಡು, ಸಾಮಿಗೇ ಕಣ್ಣು ಹೊಡೀತಾ ಐತೆ!”

ಎಲ್ಲರೂ ನಕ್ಕರು. ಒಂದೇ ವಿಳಾಸಕ್ಕೆ ಇಬ್ಬರಿರಬಾರದು ಎಂದು ತಿಳಿಸಲು ಎರಡು ವಾಕ್ಯ ಸಾಕಿತ್ತು. ನಾನು ಜನರ ಮುಂದೆ ಮಾತು ಬೆಳೆಸುವವಳಲ್ಲ. ಹಬ್ಬದ ದಿನ ದೀಪ ಆರಿಸುವುದೇ ಎಂದು ಸುಮ್ಮನಾದೆ. ಕಂಪ್ಯೂಟರಿನ ಮುಂದೆ ಕೂತು ಹದಿನಾಲ್ಕಕ್ಕೆ ಪಿಂಗ್ ಮಾಡಿದೆ. ಪಿಂಗ್ ಎಂದರೆ ‘ಇದ್ದೀಯಾ?’ ಎಂದು ನಾಲ್ಕು ಬಾರಿ ಕೇಳುವುದು, ಅಷ್ಟೆ. ನಾಲ್ಕು ಉತ್ತರ ಬಂದವು. ಕೋಣೆಯ ಸೆನ್ಸರ್ ಮಾತಾಡುತ್ತಿದೆ ಎಂದುಕೊಂಡು ರಿಜಿಸ್ಟರಿನಲ್ಲಿ ‘ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮಾದರಿಯನ್ನು ಒಯ್ಯಲು ಬಂದೆ. ಹಾಲಿನ ಗಾಡಿಗಳು ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ಮುನಿರಾಜಣ್ಣ ಕಚೇರಿಯ ಬಾಗಿಲಿಗೆ ಬಂದರು.

“ಕಂಪ್ರೆಸರ್ ರೂಮಲ್ಲಿ ವಾಸ್ನೆ ಜಾಸ್ತಿ ಐತೆ ಕಣಮ್ಮ. ನಿನ್ ಪೆಟ್ಟಿಗೆ ಏನಂತೈತೆ?”

ಪರದೆ ನೋಡಿದೆ. “ಸೊನ್ನೆ ತೋರಿಸ್ತಿದೆ ಅಣ್ಣ.”

“ಸೊನ್ನೆನಾ? ನನ್ ಮೂಗು ನಿನ್ ಪೆಟ್ಟಿಗೆಗಿಂತ ಹಳೇ ಸರ್ವೀಸು. ಇನ್ನೊಂದ್ಸಲ ನೋಡು.”

ಮತ್ತೆ ಪಿಂಗ್ ಮಾಡಿದೆ. ನಾಲ್ಕೂ ಉತ್ತರ ಬಂದವು. “ಸರಿಯಾಗೇ ಇದೆ” ಅಂದೆ.

“ಹಂಗಾದ್ರೆ ಮೂಗಿಗೇ ವಯಸ್ಸಾಯ್ತು ಬಿಡು.” ಗೋಡೆಗೆ ತೂಗುಹಾಕಿದ್ದ, ಅನಿಲ ತಡೆಯುವ ಮುಖವಾಡವನ್ನು ಮುಟ್ಟದೆ ಹೋದರು.

ಕೂಗು ಕೇಳಿದ್ದು ಐದು ನಿಮಿಷದೊಳಗೆ. ಟ್ಯಾಂಕರ್ ಚಾಲಕರೊಬ್ಬರು ಒದ್ದೆ ಟವೆಲ್ ಮುಖಕ್ಕೆ ಸುತ್ತಿಕೊಂಡು ಒಳನುಗ್ಗಿ ಮುನಿರಾಜಣ್ಣನನ್ನು ಎಳೆದು ತಂದರು. ಕ್ಯಾನ್ ತೊಳೆಯುವ ಪೈಪಿನಿಂದ ಅವರ ಕಣ್ಣಿಗೆ ನೀರು ಬಿಡುತ್ತಲೇ ಇದ್ದರು. ಆಂಬುಲೆನ್ಸ್ ಹೋದ ಮೇಲೆ ನಾನು ಕಚೇರಿಗೆ ಮರಳಿದೆ. ಪರದೆಯಲ್ಲಿ ಇನ್ನೂ ಸೊನ್ನೆ.

ಕಂಪ್ರೆಸರ್ ಕೋಣೆಯಿಂದ ಬರುವ ಕೇಬಲನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಇನ್ನೊಂದು ಕೈಯಿಂದ ಹದಿನಾಲ್ಕಕ್ಕೆ ಪಿಂಗ್ ಮಾಡಿದೆ.

ನಾಲ್ಕು ಉತ್ತರ ಬಂದವು.

ತಿರುಗಿ ನೋಡುವ ಮೊದಲೇ ನನಗೆ ಗೊತ್ತಾಯಿತು. ಬಾಡಿದ ಹೂವಿನ ನಡುವೆ ಹಸಿರು ದೀಪ ಮಿನುಗುತ್ತಿತ್ತು. ನಿನ್ನೆಯಿಂದ ಅದು ಕಚೇರಿಯ ಗಾಳಿಯನ್ನು ಅಳೆದು, ಕಂಪ್ರೆಸರ್ ಕೋಣೆಯ ಹೆಸರಿನಲ್ಲಿ ಉತ್ತರ ಹೇಳುತ್ತಿತ್ತು. ಅದನ್ನು ಆರಿಸಿ ಕೇಬಲನ್ನು ಮತ್ತೆ ಚುಚ್ಚಿದೆ. ಪರದೆಯ ಸೊನ್ನೆ ಮುನ್ನೂರ ಹನ್ನೆರಡಾಯಿತು. ಇಪ್ಪತ್ತೈದು ದಾಟಿದರೆ ಮುಖವಾಡವಿಲ್ಲದೆ ಒಳಗೆ ಹೋಗಬಾರದು ಎಂದು ಮುನಿರಾಜಣ್ಣನಿಗೆ ಕಲಿಸಿದ್ದವಳು ನಾನೇ.

“ಸೆನ್ಸರ್ ಕೆಟ್ಟಿತ್ತು ಅಂತ ಬರೀರಿ, ಸಾಕು” ಎಂದರು ನಮ್ಮ ಮೇಲಧಿಕಾರಿ. ವರದಿಯಲ್ಲಿ ನಡೆದದ್ದನ್ನೇ ಬರೆದೆ.

ಮೂರು ವಾರದ ಮೇಲೆ ಮುನಿರಾಜಣ್ಣನ ಮನೆಗೆ ಹೋದೆ. ಎಡಗಣ್ಣು ಉಳಿದಿರಲಿಲ್ಲ, ಬಲಗಣ್ಣಿಗೆ ಇನ್ನೂ ಪಟ್ಟಿ ಇತ್ತು. ಹೆಜ್ಜೆ ಸದ್ದಿಗೆ ತಲೆಯೆತ್ತಿದರು.

“ಯಾರು?”

“ನಾನು.”

“ನಾನು ಅಂದ್ರೆ ಯಾರಮ್ಮ? ಬಂದೋರೆಲ್ಲಾ ನಾನೇ ಅಂತಾರೆ.”

ಹೆಸರು ಹೇಳಿದೆ. ಆಮೇಲೆ ಆಯುಧಪೂಜೆಯ ದಿನ ನುಂಗಿಕೊಂಡಿದ್ದ ಆ ಎರಡು ವಾಕ್ಯಗಳನ್ನೂ ಹೇಳಿದೆ.

“ಅವತ್ತೇ ಹೇಳಿದ್ದಿದ್ರೆ, ಸಾಮಿಗೆ ಕೈ ಮುಗ್ದು ನಾನೇ ಎತ್ಕೊಡ್ತಿದ್ನಲ್ಲಮ್ಮ.”

ಆ ಮಾತು ಇವತ್ತಿಗೂ ನನ್ನ ಜೊತೆ ಪ್ರತಿ ಸೈಟಿಗೂ ಬರುತ್ತದೆ. ಉತ್ತರ ಬಂದರೆ ಯಾರೋ ಇದ್ದಾರೆ ಎಂದಷ್ಟೇ ಅರ್ಥ. ಯಾರು ಎಂದು ತಿಳಿಯುವುದಿಲ್ಲ. ಈಗ ಯಾವ ಸಾಧನ ಕೂರಿಸಿದರೂ ಮೊದಲು ಪಿಂಗ್ ಮಾಡುತ್ತೇನೆ. ನಂತರ ಅಲ್ಲಿದ್ದವರನ್ನು ಕರೆದು, ಕಾರಣ ಹೇಳಿ, ಅವರ ಕಣ್ಣೆದುರೇ ಕೇಬಲ್ ಕಿತ್ತು ಮತ್ತೊಮ್ಮೆ ಕೇಳುತ್ತೇನೆ. ಉತ್ತರ ನಿಲ್ಲಬೇಕು. ಆ ಕೆಲವು ಕ್ಷಣ ಉಸಿರು ಹಿಡಿದು ಪರದೆ ನೋಡುತ್ತೇನೆ. ಯಾರೂ ‘ನಾನು’ ಎನ್ನದಿದ್ದರೆ ಮಾತ್ರ ಕೇಬಲ್ ಮತ್ತೆ ಚುಚ್ಚಿ, ರಿಜಿಸ್ಟರಿಗೆ ಸಹಿ ಹಾಕುತ್ತೇನೆ.